ಗುಳಿಗೆಗೆ ಸಿಗದ ತಾಯಿಹುಳು

ಯಾದಗಿರಿ ಜಿಲ್ಲೆಯ ಗೋಗಿಯ ಆಸುಪಾಸಿನಲ್ಲಿ ಕುರಿ ಕಾಯುವವರ ಜೊತೆ ಒಂದು ಗಳಿಗೆ ಕೂತರೆ ಔಷಧಶಾಸ್ತ್ರದ ಪಾಠವೊಂದು ಪುಕ್ಕಟೆ ಸಿಗುತ್ತದೆ. ‘ಅದೇ ಔಷಧ ವರ್ಷಾ ವರ್ಷಾ ಕುಡಿಸಿದ್ರ ಕಡೀಕ ನಾಟಂಗಿಲ್ರಿ’ ಎನ್ನುತ್ತಾರೆ. ಜಂತುಹುಳಕ್ಕೆ ಕುಡಿಸುವ ಔಷಧದ ಮಾತು ಅದು. ಮೊದಲು ಕೆಲವು ವರ್ಷ ಕುರಿ ಚೇತರಿಸಿಕೊಳ್ಳುತ್ತದೆ. ಆಮೇಲೊಂದು ವರ್ಷ ಅದೇ ಬಾಟಲಿ, ಅದೇ ಅಳತೆ, ಆದರೆ ದವಡೆಯ ಕೆಳಗಿನ ಬಾವು ಇಳಿಯುವುದಿಲ್ಲ. ಆಗ ಶಹಾಪುರಕ್ಕೆ ಹೋಗಿ ಬೇರೆ ಔಷಧ ಹುಡುಕಬೇಕು. ಆ ಅಂಗಡಿಗಳ ಕಪಾಟಿನಲ್ಲಿ ಎರಡು ಹೆಸರು ತಪ್ಪದೆ ಇರುತ್ತವೆ: ಅಲ್ಬೆಂಡಜೋಲ್, ಐವರ್‌ಮೆಕ್ಟಿನ್.

ಆನೆಕಾಲು ರೋಗ ಅಳಿಸಲೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ಚೀಲದಲ್ಲಿಯೂ ಇವೇ ಎರಡು ಹೆಸರು ಇವೆ. ಮೂರನೆಯದು ಡಿಇಸಿ. ಬೆಳೆದ ಗಂಡಸಿಗೆ ಅಲ್ಬೆಂಡಜೋಲ್ ಒಂದು, ಡಿಇಸಿ ಮೂರು, ಎತ್ತರ ಅಳೆದು ಐವರ್‌ಮೆಕ್ಟಿನ್ ಮೂರೋ ನಾಲ್ಕೋ. ಏಳೆಂಟು ಗುಳಿಗೆಯನ್ನು ಒಂದೇ ಸಲಕ್ಕೆ, ಕೊಟ್ಟವರ ಕಣ್ಣೆದುರೇ ನುಂಗಬೇಕು. ಕುರಿಗಾರನಿಗೆ ಬೇರೆ ಔಷಧ ಹುಡುಕಲು ಶಹಾಪುರವಾದರೂ ಇದೆ. ಈ ಏಳೆಂಟು ಗುಳಿಗೆ ನಾಟದ ದಿನ ಆಶಾ ಕಾರ್ಯಕರ್ತೆ ಎಲ್ಲಿಗೆ ಹೋಗಬೇಕು? ಹಳ್ಳಿಗೆ ಒಯ್ದು ಹಂಚಬಹುದಾದ ಬೇರೆ ಔಷಧ ಇಂದಿಗೂ ಯಾರ ಕಪಾಟಿನಲ್ಲೂ ಸಿದ್ಧವಿಲ್ಲ.

ಇದು ಗಾಳಿಮಾತಿನ ಗಾಬರಿಯಲ್ಲ. ಇದರ ಪುರಾವೆಯ ಒಂದು ಭಾಗ ಹುಟ್ಟಿದ್ದೇ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. 2016ರಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸೊಳ್ಳೆರೋಗಗಳ ಸಂಸ್ಥೆ, ಇಲ್ಲಿನ ಹಳ್ಳಿಗಳನ್ನು ಎರಡು ಗುಂಪು ಮಾಡಿ ಒಂದು ಪರೀಕ್ಷೆಗೆ ನೋಂದಣಿ ಮಾಡಿಸಿತು. ಒಂದು ಗುಂಪಿಗೆ ಹಳೆಯ ಪದ್ಧತಿಯ ಎರಡು ಔಷಧ, ಇನ್ನೊಂದಕ್ಕೆ ಐವರ್‌ಮೆಕ್ಟಿನ್ ಸೇರಿಸಿ ಮೂರು. ಔಷಧ ಕೊಡುವ ಮೊದಲು ರಕ್ತ ನೋಡಿದರು. ಮೂರು ಔಷಧದ ಹಳ್ಳಿಗಳಲ್ಲಿ ಶೇ. 26.4 ಜನರ ರಕ್ತದಲ್ಲಿ ಹುಳುವಿನ ಪ್ರತಿಜನಕ ಸಿಕ್ಕಿತು, ಎರಡು ಔಷಧದ ಹಳ್ಳಿಗಳಲ್ಲಿ ಶೇ. 24.5. ಎಂದರೆ ನಾಲ್ವರಲ್ಲಿ ಒಬ್ಬರ ಮೈಯೊಳಗೆ ಹುಳುವಿನ ಗುರುತು. ದೇಶದಲ್ಲಿ ಆನೆಕಾಲಿನ ಸಾಮೂಹಿಕ ಗುಳಿಗೆ ಕಾರ್ಯಕ್ರಮ ಶುರುವಾದದ್ದು 2004ರಲ್ಲಿ. ಹನ್ನೆರಡು ವರ್ಷದ ನಂತರದ ಲೆಕ್ಕ ಇದು ಎಂಬುದನ್ನು ಓದುಗರು ಒಮ್ಮೆ ನಿಂತು ಗಮನಿಸಬೇಕು.

ಹುಳುವಿನ ಬದುಕು ತಿಳಿಯದೆ ಮುಂದಿನದು ತಿಳಿಯದು. ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಈ ಹುಳುವಿಗೆ ನೂಲಿನೆಳೆಯಂಥ ಮೈ. ಗಂಡು ಹೆಣ್ಣು ಎರಡೂ ನಮ್ಮ ದುಗ್ಧರಸ ನಾಳಗಳಲ್ಲಿ ಸಂಸಾರ ಹೂಡುತ್ತವೆ, ಅದೂ ಆರರಿಂದ ಎಂಟು ವರ್ಷ. ತಾಯಿಹುಳು ಲಕ್ಷಗಟ್ಟಲೆ ಮರಿ ಹಾಕುತ್ತದೆ. ಆ ಮರಿಗಳು ಹಗಲೆಲ್ಲ ಶ್ವಾಸಕೋಶದ ಆಳದಲ್ಲಿ ಅಡಗಿದ್ದು, ರಾತ್ರಿ ಹತ್ತರ ಮೇಲೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಗಟಾರದ ಕೊಳಚೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಆಗಲೇ. ಅದಕ್ಕೇ ಈ ರೋಗದ ರಕ್ತಪರೀಕ್ಷೆಗೆ ಆರೋಗ್ಯ ಸಿಬ್ಬಂದಿ ಮಧ್ಯರಾತ್ರಿ ಬಾಗಿಲು ತಟ್ಟುವುದು. ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ತಪ್ಪು ಸಿಬ್ಬಂದಿಯದಲ್ಲ, ಹುಳುವಿನ ಗಡಿಯಾರದ್ದು.

ಕಾಲು ಊದುವುದು, ಗಂಡಸರ ಬೀಜದ ಚೀಲದಲ್ಲಿ ನೀರು ತುಂಬುವುದು ಇವೆಲ್ಲ ವರ್ಷಗಳು ಕಳೆದ ಮೇಲಿನ ಮಾತು. ಚಿಕ್ಕಂದಿನಲ್ಲಿ ಹುಳು ಸೇರುತ್ತದೆ, ಮದುವೆಯಾಗಿ ಮಕ್ಕಳಾದ ಮೇಲೆ ಬಾವು ಕಾಣುತ್ತದೆ. ಆನೆಕಾಲು ಒಮ್ಮೆ ಗಟ್ಟಿಯಾದರೆ ಯಾವ ಗುಳಿಗೆಯೂ ಅದನ್ನು ಮೊದಲಿನಂತೆ ಮಾಡುವುದಿಲ್ಲ. ದಿನಾ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಗಾಯವಾಗದಂತೆ ನೋಡಿಕೊಂಡು ಇರುವುದಷ್ಟೇ. ಬೀಜದ ಚೀಲದ ನೀರಿಗೆ ಶಸ್ತ್ರಚಿಕಿತ್ಸೆ ಇದೆ, ಆದರೆ ನಾಚಿಕೆ ಬಿಟ್ಟು ಅದರ ಬಗ್ಗೆ ಬಾಯಿ ಬಿಡುವವರು ಕಡಿಮೆ. ನೋವಿನ ರಾತ್ರಿಗಳು, ಕೂಲಿ ತಪ್ಪಿದ ದಿನಗಳು, ಮುರಿದ ಮದುವೆ ಮಾತುಕತೆಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ. ಸಾಯಿಸದ ರೋಗಕ್ಕೆ ಸುದ್ದಿಮನೆಯಲ್ಲಿ ಬೆಲೆಯಿಲ್ಲ.

ಯಾದಗಿರಿಯ ಪರೀಕ್ಷೆಗೆ ಬರೋಣ. 4,758 ಜನ ಮೂರು ಔಷಧ ನುಂಗಿದರು, 4,160 ಜನ ಎರಡು. ಗಂಭೀರ ಅಡ್ಡಪರಿಣಾಮ ಒಬ್ಬರಿಗೂ ಆಗಲಿಲ್ಲ. ರಕ್ತದಲ್ಲಿ ಮರಿಹುಳು ಇದ್ದವರನ್ನು ವರ್ಷದ ನಂತರ ಮತ್ತೆ ನೋಡಿದಾಗ ಮೂರು ಔಷಧ ತಿಂದವರಲ್ಲಿ ಶೇ. 84 ಜನರ ರಕ್ತ ಮರಿಗಳಿಲ್ಲದೆ ಸ್ವಚ್ಛವಾಗಿತ್ತು, ಎರಡು ತಿಂದವರಲ್ಲಿ ಶೇ. 61.8. ಹೊಸ ಕೂಟ ಮೇಲು, ಅದರಲ್ಲಿ ಅನುಮಾನವಿಲ್ಲ. 2021ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಇನ್ನೊಂದು ವಾಕ್ಯವೂ ಇದೆ: ಪ್ರತಿಜನಕವನ್ನು ರಕ್ತದಿಂದ ಅಳಿಸುವುದರಲ್ಲಿ ಎರಡೂ ಚಿಕಿತ್ಸೆ ಪರಿಣಾಮಕಾರಿಯಾಗಿರಲಿಲ್ಲ. ಪ್ರತಿಜನಕ ಬರುವುದು ದೊಡ್ಡ ಹುಳುಗಳಿಂದ. ಎಂದರೆ ಮರಿಗಳನ್ನು ಬಡಿದೆವು, ತಾಯಿ ಒಳಗೇ ಇರಬಹುದು. ಒಂದಷ್ಟು ಕಾಲ ಬಂಜೆಯಾಗಿ ಕೂತಿದ್ದರೂ ಅದು ಸತ್ತಿದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ.

ಪಪುವಾ ನ್ಯೂಗಿನಿಯಲ್ಲಿ ಇದೇ ಮೂರು ಔಷಧದ ಒಂದೇ ಸಲದ ಡೋಸ್ ಶೇ. 96 ಜನರ ರಕ್ತವನ್ನು ಮರಿಗಳಿಂದ ಮುಕ್ತಗೊಳಿಸಿತ್ತು, ಅದೂ ಮೂರು ವರ್ಷದವರೆಗೆ. 2018ರಲ್ಲಿ ಆ ಫಲಿತಾಂಶ ಬಂದಾಗ ಜಗತ್ತೇ ಹಿಗ್ಗಿತು. ಅಲ್ಲಿ ನೋಡಿದ್ದು ಕೆಲವೇ ಡಜನ್ ಜನರನ್ನು. ಯಾದಗಿರಿಯ ಬಯಲಿಗೆ, ಸಾವಿರಾರು ಜನರ ನಡುವೆ ಇಳಿದಾಗ ಅಂಕಿ 84ಕ್ಕೆ ಬಂತು. ಈ ಹನ್ನೆರಡರ ಅಂತರ ಚಿಕ್ಕದೆನಿಸಬಹುದು.

ಹಳ್ಳಿಯ ಲೆಕ್ಕ ಹಾಕಿ ನೋಡೋಣ. ಬೆರಳೆಣಿಕೆಯ ಲೆಕ್ಕ ಇದು, ಹೊಸದಾಗಿ ಸೋಂಕು ತಗಲುವವರನ್ನು ಸೇರಿಸಿಲ್ಲ. ಮೂರು ಔಷಧದ ಹಳ್ಳಿಗಳಲ್ಲಿ ಮೊದಲಿಗೆ ಮರಿಹುಳು ಇದ್ದವರು ಶೇ. 6.9. ಸಾವಿರ ಜನರಲ್ಲಿ 69 ಮಂದಿ. ಎಲ್ಲರೂ ನುಂಗಿದರೆ ವರ್ಷದ ಕೊನೆಗೆ 11 ಮಂದಿ ಉಳಿಯುತ್ತಾರೆ, ಇನ್ನೊಂದು ಸುತ್ತಿಗೆ ಇಬ್ಬರು. ಚೆಂದದ ಲೆಕ್ಕ. ಈಗ ಮೂವರಲ್ಲಿ ಒಬ್ಬರು ಗುಳಿಗೆಯನ್ನು ಕಿಸೆಗೆ ಹಾಕಿಕೊಂಡರು ಎನ್ನಿ. 69ರಲ್ಲಿ 23 ಮಂದಿಗೆ ಔಷಧ ಮುಟ್ಟಲೇ ಇಲ್ಲ, ನುಂಗಿದ 46ರಲ್ಲಿ ಏಳು ಮಂದಿಯಲ್ಲಿ ಹುಳು ಉಳಿಯಿತು, ಒಟ್ಟು 30. ಮರುವರ್ಷವೂ ಅದೇ 23 ಮಂದಿ ನುಂಗದಿದ್ದರೆ 24. ಅದರಾಚೆ ವರ್ಷ 23. ಹತ್ತು ಸುತ್ತು ಹಂಚಿದರೂ 23ರ ಕೆಳಗೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ರಾತ್ರಿರಕ್ತದ ಪರೀಕ್ಷೆಯಲ್ಲಿ ಶೇ. 1ಕ್ಕಿಂತ ಕಡಿಮೆ ಜನರಲ್ಲಿ ಮರಿಹುಳು ಇರಬೇಕು. ಇಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಉಳಿಯಿತು.

ನುಂಗದವರು ಯಾರು? ಸೋಮಾರಿಗಳೋ ಅಜ್ಞಾನಿಗಳೋ ಎಂದು ಮಾತು ಮುಗಿಸುವುದು ಸುಲಭ. ಅದೇ ಅಧ್ಯಯನದ ಇನ್ನೊಂದು ಅಂಕಿ ಬೇರೆಯೇ ಹೇಳುತ್ತದೆ. ಮೂರು ಔಷಧ ತಿಂದವರಲ್ಲಿ ಒಟ್ಟಾರೆ ಜ್ವರ, ತಲೆನೋವು, ತಲೆಸುತ್ತಿನಂಥ ತೊಂದರೆ ಕಂಡದ್ದು ಶೇ. 8.3 ಜನರಲ್ಲಿ. ರಕ್ತದಲ್ಲಿ ಮರಿಹುಳು ಇದ್ದವರಲ್ಲಿ ಶೇ. 40.5. ಒಮ್ಮೆಲೇ ಸಾಯುವ ಮರಿಗಳಿಗೆ ಮೈ ತೋರುವ ಪ್ರತಿಕ್ರಿಯೆಯೇ ಆ ಜ್ವರ. ಔಷಧ ನಾಟಿತು ಎಂಬುದರ ಗುರುತು. ಹುಳುವಿಲ್ಲದವನಿಗೆ ಗುಳಿಗೆ ನೀರು ಕುಡಿದಷ್ಟು ಸಲೀಸು. ಹುಳುವಿದ್ದವನಿಗೆ ಮರುದಿನ ಜ್ವರ ಬರಬಹುದು, ಅವನ ಕೂಲಿ ಹೋಗಬಹುದು. ಮುಂದಿನ ವರ್ಷ ಆಶಾ ಕಾರ್ಯಕರ್ತೆ ಬಂದಾಗ ‘ಆಮ್ಯಾಲೆ ತಗೋತೀನಿ, ಇಟ್ಟು ಹೋಗವಾ’ ಎನ್ನುವವನು ಅವನೇ. ಔಷಧ ಯಾರಿಗೆ ಬೇಕೋ ಅವರನ್ನೇ ಅದು ಓಡಿಸುತ್ತದೆ. ನನ್ನ ಮಟ್ಟಿಗೆ ಆ ವರದಿಯಲ್ಲಿ ಅತ್ಯಂತ ಕಳವಳದ ಅಂಕಿ ಇದೇ. ಹೀಗಾದರೆ ಮೇಲಿನ 23 ಎಂಬ ಲೆಕ್ಕವೂ ಕಡಿಮೆಯೇ ಆದೀತು. ಜ್ವರ ಬಂದರೆ ಹೆದರಬೇಡಿ, ಎರಡು ದಿನದಲ್ಲಿ ಇಳಿಯುತ್ತದೆ, ಅದು ಹುಳು ಸತ್ತ ಗುರುತು ಎಂದು ಮುಂಚೆಯೇ ಕೂತು ಹೇಳದೆ ಗುಳಿಗೆ ಹಂಚುವುದು ಕಾರ್ಯಕ್ರಮದ ಕಾಲಿಗೆ ಕೊಡಲಿ ಹಾಕಿದಂತೆ.

ಭಾರತ ಆನೆಕಾಲು ನಿರ್ಮೂಲನಕ್ಕೆ ಮೊದಲು ಇಟ್ಟುಕೊಂಡಿದ್ದ ಗಡುವು 2015. ಅದು ಮುಂದೆ ಸರಿದು ಸರಿದು ಈಗ 2027ಕ್ಕೆ ಬಂದು ನಿಂತಿದೆ. ಸುತ್ತುಗಳು ಮುಗಿದ ಮೇಲೆ ರೋಗ ಹರಡುವುದು ನಿಂತಿದೆಯೇ ಎಂದು ತಿಳಿಯಲು ಆರೇಳು ವರ್ಷದ ಮಕ್ಕಳ ರಕ್ತ ನೋಡುತ್ತಾರೆ. ಮಕ್ಕಳಲ್ಲಿ ಹುಳುವಿಲ್ಲ ಎಂದರೆ ಈಚೆಗೆ ಸೋಂಕು ಹರಡಿಲ್ಲ ಎಂಬ ತರ್ಕ ಸರಿಯೇ. ಆದರೆ ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪಸಮೂಹ ಈ ತರ್ಕವನ್ನು ನಂಬಿ ಕೆಟ್ಟಿತು. 2000ದಿಂದ 2006ರವರೆಗೆ ಅಲ್ಲಿ ಗುಳಿಗೆ ಹಂಚಿದರು. 2011ರ ಮಕ್ಕಳ ಪರೀಕ್ಷೆ ಪಾಸಾಯಿತು, 2015ರದೂ ಪಾಸಾಯಿತು. 2016ರಲ್ಲಿ ಸೋಂಕು ಮತ್ತೆ ತಲೆಯೆತ್ತಿದ್ದು ಕಂಡಿತು. ದೊಡ್ಡವರ ಮೈಯಲ್ಲಿ, ಅದರಲ್ಲೂ ಕೆಲಸ ಮಾಡುವ ಗಂಡಸರಲ್ಲಿ, ಹುಳು ಉಳಿದುಕೊಂಡಿತ್ತು. ಅಲ್ಲಿನ ಸೊಳ್ಳೆ ಬೇರೆ, ಕಚ್ಚುವ ಹೊತ್ತು ಬೇರೆ. ಆದರೂ ಮಕ್ಕಳ ರಕ್ತ ನೋಡಿ ಅಪ್ಪಂದಿರ ರಕ್ತದ ಭವಿಷ್ಯ ಹೇಳಲಾಗದು ಎಂಬುದು ಯಾದಗಿರಿಗೂ ಸಲ್ಲುತ್ತದೆ. ಗುಳಿಗೆ ಹಂಚುವ ವಾರದಲ್ಲಿ ಇಲ್ಲಿನ ದುಡಿಯುವ ಗಂಡಸರು, ಹೆಂಗಸರು ಎಷ್ಟೋ ಮಂದಿ ಊರಲ್ಲೇ ಇರುವುದಿಲ್ಲ. ಗುಳೆ ಹೋಗಿರುತ್ತಾರೆ, ಬೆಂಗಳೂರಿನ ಯಾವುದೋ ಕಟ್ಟಡದ ಪಾಯದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುತ್ತಾರೆ.

ಕುರಿಯ ಮಾತಿಗೆ ಮರಳುತ್ತೇನೆ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳು ಬೇರೆ, ಮನುಷ್ಯನ ಆನೆಕಾಲು ಹುಳು ಬೇರೆ, ಒಂದರಿಂದ ಇನ್ನೊಂದು ಬರುವುದಿಲ್ಲ. ಆದರೆ ಎರಡನ್ನೂ ಹೊಡೆಯುವ ಅಸ್ತ್ರ ಒಂದೇ. ಐವರ್‌ಮೆಕ್ಟಿನ್ ಪಶುವೈದ್ಯಕ್ಕೆ ಬಂದದ್ದು 1980ರ ದಶಕದ ಆರಂಭದಲ್ಲಿ. ಆ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕದ ಕುರಿಗಳಲ್ಲಿ ಅದಕ್ಕೆ ಜಗ್ಗದ ಹುಳುಗಳು ಕಂಡವು. ಅಲ್ಬೆಂಡಜೋಲ್ ವರ್ಗದ ಔಷಧಗಳಿಗೆ ಜಗ್ಗದ ಹೀಮಾಂಕಸ್ ಭಾರತದ ಕುರಿ ಸಾಕಣೆ ಕೇಂದ್ರಗಳಲ್ಲೂ ದಾಖಲಾಗಿದೆ. ಮನುಷ್ಯರ ಆನೆಕಾಲು ಹುಳು ಔಷಧವನ್ನು ಗೆದ್ದಿದೆ ಎಂದು ಯಾರೂ ಸಾಬೀತು ಮಾಡಿಲ್ಲ, ಹಾಗೆಂದು ಹೇಳಿ ಹೆದರಿಸುವುದು ತಪ್ಪು. ಆದರೆ ಕುರಿಹುಳುವಿನಲ್ಲಿ ಅಲ್ಬೆಂಡಜೋಲ್ ವರ್ಗವನ್ನು ಸೋಲಿಸಿದ ಅದೇ ಜೀನ್ ಮಾರ್ಪಾಡು ಬುರ್ಕಿನಾ ಫಾಸೋದ ರೋಗಿಗಳ ಆನೆಕಾಲು ಹುಳುಗಳಲ್ಲೂ ಇರುವುದನ್ನು, ಔಷಧ ತಿಂದವರಲ್ಲಿ ಅದು ಹೆಚ್ಚಿರುವುದನ್ನು 2005ರಲ್ಲೇ ವಿಜ್ಞಾನಿಗಳು ತೋರಿಸಿದರು. ಘಾನಾದಲ್ಲಿ ನದಿಕುರುಡು ಎಂಬ ಇನ್ನೊಂದು ರೋಗದ ಹುಳು ಐವರ್‌ಮೆಕ್ಟಿನ್‌ಗೆ ಮೊದಲಿನಷ್ಟು ಬಗ್ಗುತ್ತಿಲ್ಲ ಎಂಬ ವರದಿ 2007ರದು. ಕುರಿಗಾರ ಹೇಳುವ ‘ನಾಟಂಗಿಲ್ರಿ’ಯ ಮೊದಲ ಅಕ್ಷರಗಳು ಇವು.

ಹಾಗಾದರೆ ತಾಯಿಹುಳುವನ್ನೇ ಕೊಲ್ಲುವ ಔಷಧ ಏಕಿಲ್ಲ? ದಾರಿ ಗೊತ್ತಿದೆ ಎಂಬುದೇ ಸೋಜಿಗ. ಈ ಹುಳುವಿನ ಮೈಯೊಳಗೆ ವೋಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬಾಡಿಗೆಗಿದೆ. ಅದಿಲ್ಲದೆ ಹುಳುವಿಗೆ ಮರಿಯೂ ಇಲ್ಲ, ಬಾಳುವೆಯೂ ಇಲ್ಲ. ಮೊಡವೆಯಿಂದ ಹಿಡಿದು ಇಲಿಜ್ವರದವರೆಗೆ ಕೊಡುವ ಸಾಮಾನ್ಯ ಡಾಕ್ಸಿಸೈಕ್ಲಿನ್ ಆ ಬಾಡಿಗೆದಾರನನ್ನು ಕೊಲ್ಲುತ್ತದೆ. ಟಾಂಜಾನಿಯಾದಲ್ಲಿ ಎಂಟು ವಾರ ಅದನ್ನು ಕೊಟ್ಟಾಗ ದೊಡ್ಡ ಹುಳುಗಳೇ ಸತ್ತವು ಎಂದು 2005ರಲ್ಲಿ ಪ್ರಕಟವಾಯಿತು. ಹುಳು ನಿಧಾನವಾಗಿ ಸಾಯುವುದರಿಂದ ನಾಳದಲ್ಲಿ ಏಕಾಏಕಿ ಉರಿಯೂತವೂ ಏಳದು. ಆದರೆ ವಾರಗಟ್ಟಲೆ ದಿನಾ ಗುಳಿಗೆ, ಬಸುರಿಯರಿಗೆ ಕೂಡದು, ಎಂಟು ವರ್ಷದೊಳಗಿನ ಮಕ್ಕಳಿಗೆ ಕೂಡದು. ಒಂದೇ ದಿನದ ಗುಳಿಗೆಯನ್ನು ನುಂಗಿಸುವುದೇ ಇಷ್ಟು ಕಷ್ಟವಿರುವಾಗ ಎಂಟು ವಾರ ಯಾರು ನುಂಗಿಸುತ್ತಾರೆ? ಬೇಕಾದದ್ದು ಇದೇ ಕೆಲಸವನ್ನು ಕೆಲವೇ ದಿನಗಳಲ್ಲಿ ಮುಗಿಸುವ ಅಣು.

ಅಂಥ ಅಣುವನ್ನು ಕಂಪನಿಗಳು ಹುಡುಕುವುದಿಲ್ಲ. ಅದು ದುಷ್ಟತನವಲ್ಲ, ಬರೀ ವ್ಯಾಪಾರ. ಕೊಳ್ಳುವವರು ಬಡವರು, ನುಂಗುವುದು ವರ್ಷಕ್ಕೊಮ್ಮೆ, ಗೆದ್ದರೆ ಗಿರಾಕಿಯೇ ಇಲ್ಲ. ನಮ್ಮ ಈ ಮೂರು ಔಷಧಗಳ ಹುಟ್ಟನ್ನೇ ನೋಡಿ. ಡಿಇಸಿ 1947ರಷ್ಟು ಹಳೆಯದು, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದಲ್ಲಿ ಬಂದದ್ದು. ಐವರ್‌ಮೆಕ್ಟಿನ್‌ನ ಮೂಲ ಜಪಾನಿನ ಕವಾನಾದ ಗಾಲ್ಫ್ ಮೈದಾನದ ಬಳಿಯ ಮಣ್ಣು, ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ತಂದದ್ದು. ಅದೂ ಅಲ್ಬೆಂಡಜೋಲ್‌ನಂತೆ ಮೊದಲು ದನಕುರಿಗಳಿಗೆಂದು ಬಂದು, ಆಮೇಲೆ ಮನುಷ್ಯರಿಗೆ ದಾನವಾಯಿತು. ಬಡವರ ಔಷಧ ಕೊಟ್ಟಿಗೆಯ ಹಿತ್ತಲಬಾಗಿಲಿನಿಂದಲೇ ಬರಬೇಕು ಎಂಬಂತಿದೆ ಈ ಚರಿತ್ರೆ.

ಬೇರೆ ದಾರಿ ಇದೆ, ಮತ್ತು ಅದನ್ನು ಯಾದಗಿರಿಯೇ ನಡೆದು ತೋರಿಸಿದೆ. ಇಲ್ಲಿನ ಪರೀಕ್ಷೆ ಒಂಟಿಯಾಗಿರಲಿಲ್ಲ. ಹೈಟಿ, ಇಂಡೊನೇಷ್ಯಾ, ಪಪುವಾ ನ್ಯೂಗಿನಿ, ಫಿಜಿ ಮತ್ತು ಭಾರತದ ತಂಡಗಳು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊತೆ ಸೇರಿ 26,836 ಜನರ ಮಾಹಿತಿಯನ್ನು ಒಂದೇ ರಾಶಿಗೆ ಹಾಕಿದವು. ಯಾವ ಔಷಧದ ಮೇಲೂ ಯಾರ ಪೇಟೆಂಟಿನ ಬೇಲಿ ಇರಲಿಲ್ಲ. ಫಲಿತಾಂಶ ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಪತ್ರಿಕೆಗಳಲ್ಲಿ ಬಂತು. ಆ ವರದಿಗಳು ಅಚ್ಚಾಗುವ ಮೊದಲೇ, 2017ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಈ ಪುರಾವೆಗಳನ್ನು ನೋಡಿ ಮೂರು ಔಷಧದ ಕೂಟಕ್ಕೆ ಶಿಫಾರಸು ಕೊಟ್ಟಿತ್ತು. ಇಷ್ಟು ಬೇಗ ಕೆಲಸವಾದದ್ದು ಗುಟ್ಟು ಮಾಡದ್ದರಿಂದ.

ತೆರೆದ ಬಾಗಿಲಿನ ಸಂಶೋಧನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ನನಗೆ ಮೆಚ್ಚಿನ ಉದಾಹರಣೆ ಬಸವನಹುಳುವಿನಿಂದ ಹರಡುವ ಶಿಸ್ಟೊಸೋಮಿಯಾಸಿಸ್ ರೋಗದ ಪ್ರಾಜಿಕ್ವಾಂಟೆಲ್ ಗುಳಿಗೆಯದು. ಆ ಅಣುವಿಗೆ ಎಡಗೈ ಬಲಗೈಯಂತೆ ಎರಡು ರೂಪ. ಒಂದು ಹುಳುವನ್ನು ಕೊಲ್ಲುತ್ತದೆ, ಇನ್ನೊಂದು ಗುಳಿಗೆಯನ್ನು ದಪ್ಪ ಮತ್ತು ಕಹಿ ಮಾಡುವುದಷ್ಟೇ. ಕಡಿಮೆ ಖರ್ಚಿನಲ್ಲಿ ಅವನ್ನು ಬೇರೆ ಮಾಡುವುದು ಹೇಗೆ? ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ ಮ್ಯಾಥ್ಯೂ ಟಾಡ್ ತಮ್ಮ ಪ್ರಯೋಗಾಲಯದ ದಿನಚರಿಯನ್ನೇ, ಸೋತ ಪ್ರಯೋಗಗಳನ್ನೂ ಸೇರಿಸಿ, ಎಲ್ಲರಿಗೂ ತೆರೆದಿಟ್ಟರು. ಜವಾಬು ಹೆಚ್ಚಾಗಿ ಬಂದದ್ದು ಪ್ರಾಧ್ಯಾಪಕರಿಂದಲ್ಲ, ಕಾರ್ಖಾನೆಗಳಲ್ಲಿ ದಿನವೂ ಇದೇ ಕೆಲಸ ಮಾಡುವ ರಸಾಯನಜ್ಞರಿಂದ. ನೆದರ್ಲೆಂಡ್ಸಿನ ಒಂದು ಕಂಪನಿಯ ಕೈಜೋಡಣೆಯೊಂದಿಗೆ 2011ರಲ್ಲಿ ದಾರಿ ಪ್ರಕಟವಾಯಿತು.

ಭಾರತವೂ ಈ ಹಾದಿಯಲ್ಲಿ ಮುಂಚೂಣಿಯಲ್ಲಿತ್ತು ಎಂಬುದನ್ನು ನಾವೇ ಮರೆತಿದ್ದೇವೆ. ಲಾಭದ ಗುರಿಯಿಲ್ಲದೆ ಔಷಧ ರೂಪಿಸುವ ಡಿಎನ್‌ಡಿಐ ಸಂಸ್ಥೆಯನ್ನು 2003ರಲ್ಲಿ ಕಟ್ಟಿದವರಲ್ಲಿ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ಒಂದು. 2008ರಲ್ಲಿ ಸಿಎಸ್‌ಐಆರ್ ಕ್ಷಯರೋಗಕ್ಕೆಂದು ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ ಆರಂಭಿಸಿತು. ನೂರಾರು ವಿದ್ಯಾರ್ಥಿಗಳು ತಮ್ಮ ಕಾಲೇಜುಗಳಲ್ಲಿ ಕೂತೇ ಕ್ಷಯದ ಬ್ಯಾಕ್ಟೀರಿಯಾದ ಜೀನುಗಳನ್ನು ಓದಿ ಅರ್ಥ ಹಚ್ಚಿದರು. ಕೆಲವು ವರ್ಷಗಳಲ್ಲೇ ಹಣದ ಹರಿವು ಕುಗ್ಗಿ ಆ ಯತ್ನ ತೆರೆಮರೆಗೆ ಸರಿಯಿತು. ತೆರೆದ ಸಂಶೋಧನೆ ಎಂದರೆ ಪುಕ್ಕಟೆ ಸಂಶೋಧನೆ ಎಂದು ತಿಳಿದದ್ದೇ ಅಲ್ಲಿ ಆದ ಎಡವಟ್ಟು ಎಂದು ನನ್ನ ಅಭಿಪ್ರಾಯ. ಅಣು ಹುಡುಕುವವರೆಗೆ ಹುಮ್ಮಸ್ಸು ಸಾಕು. ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷಿಸಲು ಕೋಟಿಗಳೇ ಬೇಕು, ಅದೂ ಹತ್ತಾರು ವರ್ಷ ಬಿಡದೆ.

ಈಗ ಹೊರಗಿನ ಕೊಳವೆಯೂ ಬತ್ತುತ್ತಿದೆ. ಬಡದೇಶಗಳ ಇಂಥ ರೋಗಗಳಿಗೆ 2006ರಿಂದ ದೊಡ್ಡ ಆಸರೆಯಾಗಿದ್ದ ಅಮೆರಿಕದ ನೆರವು ಕಾರ್ಯಕ್ರಮ 2025ರಲ್ಲಿ ನಿಂತುಹೋಯಿತು. ಯಾದಗಿರಿಯ ಗುಳಿಗೆಗೆ ಅದರಿಂದ ನೇರ ಧಕ್ಕೆಯಿಲ್ಲ. ಆದರೆ ಮುಂದಿನ ಔಷಧ ಪರೀಕ್ಷೆಯಾಗಬೇಕಾದದ್ದು ಘಾನಾದಲ್ಲಿ, ಐವರಿ ಕೋಸ್ಟ್‌ನಲ್ಲಿ. ನದಿಕುರುಡಿಗೆಂದು ಡಿಎನ್‌ಡಿಐ ಬಾಯರ್ ಕಂಪನಿಯ ಜೊತೆ ಮುಂದೊಯ್ಯುತ್ತಿರುವ ಎಮೊಡೆಪ್ಸೈಡ್, ಲಾಭರಹಿತ ಸಂಸ್ಥೆಯೊಂದು 2018ರಲ್ಲಿ ಅನುಮತಿ ಗಿಟ್ಟಿಸಿದ ಮಾಕ್ಸಿಡೆಕ್ಟಿನ್, ಇವೇ ಕಣ್ಣಿಗೆ ಕಾಣುವ ಹೆಸರುಗಳು. ಎರಡೂ, ಊಹಿಸಿದಂತೆ, ಪಶುವೈದ್ಯದ ಕಪಾಟಿನಿಂದ ಬಂದವು.

ಗೋಗಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಚಂದಾ ಹುಸೇನಿ ದರ್ಗಾದಿಂದ, ಅದರ ಮಗ್ಗುಲಲ್ಲಿ ಮಣ್ಣಾದ ಆದಿಲಶಾಹಿಗಳ ಗೋರಿಗಳಿಂದ, ಇಲ್ಲವೇ ಯುರೇನಿಯಂನಿಂದ. ಇಲ್ಲಿನ ನೆಲದಡಿಯ ಅದಿರಿಗಾಗಿ ಎಷ್ಟು ವರ್ಷ ಕೊರೆದರು, ಎಷ್ಟು ಆಳಕ್ಕೆ ಇಳಿದರು ಎಂಬುದನ್ನು ಊರವರು ಕಣ್ಣಾರೆ ಕಂಡಿದ್ದಾರೆ. ಅದರ ಒಂದು ಪಾಲು ಪಟ್ಟು ಈ ಜಿಲ್ಲೆಯ ದೊಡ್ಡವರ ರಾತ್ರಿರಕ್ತ ಹುಡುಕುವುದರಲ್ಲಿ ತೋರಿದರೂ ಸಾಕು. ಗಡುವಿನ ವರ್ಷ ಬಂತೆಂದು ಪರೀಕ್ಷೆ ನಿಲ್ಲಿಸಬಾರದು. ಮಕ್ಕಳ ಜೊತೆ ಇಪ್ಪತ್ತು ದಾಟಿದವರನ್ನೂ ನೋಡಬೇಕು. ಗಟಾರದ ಸೊಳ್ಳೆ ಹಿಡಿದು ಅದರ ಹೊಟ್ಟೆಯಲ್ಲಿ ಹುಳುವಿನ ಡಿಎನ್‌ಎ ಇದೆಯೇ ಎಂದು ನೋಡುವ ವಿಧಾನ ಪುದುಚೇರಿಯ ಕೇಂದ್ರಕ್ಕೆ ಹೊಸದಲ್ಲ. ಅದಕ್ಕೆ ಯಾರ ನಿದ್ದೆಯನ್ನೂ ಕೆಡಿಸಬೇಕಿಲ್ಲ. ಗುಳೆ ಹೋಗುವವರಿಗೆ ಊರಿಗೆ ಮರಳುವ ಹಬ್ಬದ ದಿನಗಳಲ್ಲಿ, ಉರುಸಿನಲ್ಲಿ ಗುಳಿಗೆ ಸಿಗಬೇಕು. ಮೂರು ಸುತ್ತಿನ ನಂತರವೂ ಯಾರ ರಕ್ತದಲ್ಲಿ ಮರಿಗಳು ಉಳಿದಿವೆಯೋ ಆ ಹುಳುಗಳ ಜೀನುಗಳನ್ನು ಓದಿ, ಆ ಓದನ್ನು ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೂ ತೆರೆದಿಡಬೇಕು. ಔಷಧ ಸೋಲುವುದು ಮೊದಲು ಕಾಣುವುದು ಅಲ್ಲೇ.

ಒಂದು ಹಳ್ಳಿಯಲ್ಲಿ ಉಳಿದ ಇಪ್ಪತ್ತಮೂರು ಜನ ಇನ್ನೊಂದೂರಿಗೆ ಹೋದ ಕೂಡಲೇ ಅಲ್ಲಿ ರೋಗ ಬೇರೂರುತ್ತದೆ ಎಂದಲ್ಲ. ಈ ಹುಳು ಹರಡುವುದು ನಿಧಾನ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಮತ್ತೆ ಸೊಳ್ಳೆ ಕಚ್ಚಿಸಿಕೊಳ್ಳಬೇಕು. ಆದರೆ ತಗಡಿನ ಶೆಡ್ಡಿನಲ್ಲಿ, ಕೊಳಚೆ ಕಾಲುವೆಯ ದಂಡೆಯಲ್ಲಿ, ಪರದೆಯಿಲ್ಲದೆ ಮಲಗುವವರಿಗೆ ಆ ಕಡಿತ ಪ್ರತಿ ರಾತ್ರಿಯ ಲೆಕ್ಕ. ಬಿತ್ತನೆ ಮುಗಿದ ಮೇಲೆ ಶಹಾಪುರ, ಸುರಪುರದ ನಿಲ್ದಾಣಗಳಿಂದ ಬೆಂಗಳೂರಿಗೆ ರಾತ್ರಿ ಬಸ್ಸುಗಳು ತುಂಬಿ ಹೊರಡುತ್ತವೆ. ಸೀಟಿನಡಿ ಜೋಳದ ಹಿಟ್ಟಿನ ಚೀಲ, ತೊಡೆಯ ಮೇಲೆ ಮಲಗಿದ ಮಗು. ಬಸ್ಸು ಊರು ದಾಟಿ ದೀಪ ಆರಿಸುವ ಹೊತ್ತಿಗೆ ಗಂಟೆ ಹತ್ತಾಗಿರುತ್ತದೆ. ಮರಿಹುಳುಗಳು ಚರ್ಮದ ಹತ್ತಿರಕ್ಕೆ ಬರುವ ಹೊತ್ತೂ ಅದೇ.